ಕೊಲ್ಲಂನಲ್ಲಿ ಹಾಕಿಸದ ಐಸು

ಸುಮತಿ, ಆ ಕಣ್ಣುಗಳನ್ನು ಕೆಡಿಸಿದವಳು ನಾನು. ನಿನ್ನ ಕೈಯಲ್ಲಿ ಯಾವ ದೋಷವೂ ಇರಲಿಲ್ಲ.

ತೊಂಬತ್ತರ ದಶಕದಲ್ಲಿ ತಿರುವನಂತಪುರದ ಆ ಪ್ರಯೋಗಾಲಯದಲ್ಲಿ ಕನ್ನಡದವರೆಂದರೆ ನಾವಿಬ್ಬರೇ — ಕಾಸರಗೋಡಿನ ನೀನು, ಮೈಸೂರಿನ ನಾನು. ನಾನು ಮೊದಲು ಬಂದವಳು. ಆದರೂ ಕ್ಯಾಂಟೀನಿನ ಅಕ್ಕ — ಎಲ್ಲರ ಬಾಯಲ್ಲೂ ಚೇಚಿ — ನಿನಗೇ ಒಂದು ಸೌಟು ಹೆಚ್ಚು ಬಡಿಸುತ್ತಿದ್ದಳು. ಗೈಡ್ ಸರ್ ಬಂದವರಿಗೆಲ್ಲ ನಿನ್ನ ಕೆಲಸವನ್ನೇ ತೋರಿಸುತ್ತಿದ್ದರು. ನರಗಳು ಕಳಿಸುವ ಡೋಪಮಿನ್ ಎಂಬ ರಾಸಾಯನಿಕವನ್ನು ಹಿಡಿದುಕೊಳ್ಳುವ ಗ್ರಾಹಕಗಳು ಮನುಷ್ಯನ ಕಣ್ಣಿನ ಬಣ್ಣದ ಪೊರೆಯಾದ ಐರಿಸ್‌ನಲ್ಲೂ ಇವೆ ಎಂಬುದು ನಿನ್ನ ವಾದ. ಅದು ಸಾಬೀತಾದರೆ ಖಾಲಿಯಿದ್ದ ಒಂದೇ ಹುದ್ದೆ ನಿನ್ನದು. ನನಗೆ ಹೊಟ್ಟೆಕಿಚ್ಚು — ಅದಕ್ಕೆ ಬೇರೆ ಹೆಸರು ಕೊಡಲಾರೆ.

ಆ ಸಲ ಕೊಚ್ಚಿಯಿಂದ ಕಣ್ಣು ತರುವ ಸರದಿ ನನ್ನದು. ಮಟ್ಟಾಂಚೇರಿಯಲ್ಲಿ ತೀರಿಕೊಂಡ ಒಬ್ಬ ಮುದುಕರ ಕಣ್ಣುಗಳು. ಕಾರ್ನಿಯಾ ಯಾರಿಗೋ ಜೋಡಿಸಲು ಹೋಗಿತ್ತು. ಉಳಿದದ್ದನ್ನು ಮಗಳು ಒಪ್ಪಿ ನಮಗೆ ಕೊಟ್ಟಿದ್ದಳು. ತಂಪು ತಪ್ಪಿದರೆ ಗ್ರಾಹಕಗಳು ಹಾಳು. ಅದಕ್ಕೇ ರೈಲು ಕೊಲ್ಲಂನಲ್ಲಿ ನಿಂತಾಗ ಸೋಡಾ ಅಂಗಡಿಯಿಂದ ಫ್ಲಾಸ್ಕಿಗೆ ಹೊಸ ಐಸು ತುಂಬಿಸುವುದು ನಮ್ಮ ರೂಢಿ. ಅಂಗಡಿಯವನು ಗುರುತು ಹಿಡಿದು ತಾನೇ ಕಿಟಕಿಯ ಹತ್ತಿರ ಬಂದ.

“ಐಸ್ ವೇಂಡೇ, ಚೇಚೀ?”

“ವೇಂಡ.” ಬೇಡ ಎಂದುಬಿಟ್ಟೆ.

ರೈಲು ಹೊರಡುವ ತನಕ ಅವನನ್ನು ಕರೆಯಬಹುದಿತ್ತು — ಕರೆಯಲಿಲ್ಲ. ತಿರುವನಂತಪುರ ತಲುಪಿ, ಕರಗಿದ ನೀರು ಚೆಲ್ಲಿ, ಹೊಸ ಐಸು ತುಂಬಿಸಿಕೊಂಡೇ ನಿನ್ನೆದುರು ಬಂದೆ.

“ಐಸ್ ಸರಿ ಉಂಟಲ್ಲ ಮಾರಾಯ್ತಿ?” ನೀನು ಕೇಳಿದೆ.

“ಕಲ್ಲಿದ್ದಂಗಿದೆ, ನೋಡ್ಕೋ” ಎಂದೆ ನಾನು.

ಫಲಿತಾಂಶ ಸೊನ್ನೆ. ನೀನು ಮತ್ತೆ ಮತ್ತೆ ಅಳೆದೆ — ಆಗಲೂ ಸೊನ್ನೆ. ಬೇರೆ ಕಣ್ಣು ಸಿಗುವಷ್ಟರಲ್ಲಿ ಸಂದರ್ಶನ ಮುಗಿದಿತ್ತು. “ನನ್ನ ಕೈಯೇ ಆಗುದಿಲ್ಲ ಈ ಕೆಲಸಕ್ಕೆ” ಎಂದು ನೀನು ಹಾಸ್ಟೆಲ್ ಖಾಲಿ ಮಾಡಿದೆ. ನಿನ್ನ ಪೆಟ್ಟಿಗೆಯನ್ನು ಆಟೋಗೆ ಏರಿಸಿದವಳೂ ನಾನೇ. ಬೆನ್ನು ಸವರಿ ಸಮಾಧಾನ ಬೇರೆ ಹೇಳಿದೆ — ಥೂ, ಎಂಥ ಬಾಳು!

ಹುದ್ದೆ ನನಗೆ ಬಂತು. ಆಮೇಲೆ ಸಿಕ್ಕ ಕಣ್ಣುಗಳನ್ನು ಬಹಳ ಜೋಪಾನವಾಗಿ ತಂದೆ. ಗ್ರಾಹಕಗಳು ಇದ್ದವು, ಸುಮತಿ — ನೀನು ಹೇಳಿದ ಜಾಗದಲ್ಲೇ. ಲೇಖನ ಬರೆಯುವಾಗ ನಿನ್ನ ಹೆಸರನ್ನೂ ಸೇರಿಸೋಣವೇ ಎಂದು ಸರ್ ಕೇಳಿದರು. “ಅವಳು ಬಿಟ್ಟುಹೋದಳಲ್ಲ ಸರ್” ಎಂದೆ.

ಕ್ಷಮಿಸು ಎನ್ನುವ ಮುಖ ನನಗಿಲ್ಲ. ಆ ಲೇಖನದ ಮೇಲೆ ನಮ್ಮಿಬ್ಬರಲ್ಲಿ ನನ್ನೊಬ್ಬಳದೇ ಹೆಸರು. ಆದರೂ ಅದು ಕಂಡಾಗಲೆಲ್ಲ ನನಗೆ ಇಂದಿಗೂ ನಿನ್ನ ಮೇಲೆ ಹೊಟ್ಟೆಕಿಚ್ಚಾಗುತ್ತದೆ.