ತಿಪ್ಪವ್ವ ಬೆಸೆದ ವಿಮಾನದ ಸರಳು

ಬೆಳಗಿನ ಐದು ಗಂಟೆ. ತಡಸ ಊರಿನ ಕುಲುಮೆಯಲ್ಲಿ ತಿಪ್ಪವ್ವ ಸೆರಗು ಬಿಗಿದು ಇದ್ದಿಲು ಕೆದಕುತ್ತಿದ್ದಾರೆ. ರೈತ ನೀಲಪ್ಪ ನೇಗಿಲಿನ ಮುರಿದ ಕುಳ ಹಿಡಿದು ಆಗಲೇ ಬಾಗಿಲಲ್ಲಿ ನಿಂತಿದ್ದಾನೆ. ಎತ್ತು ಹೂಡಿಟ್ಟು ಬಂದಿದ್ದಾನಂತೆ, ತಡ ಮಾಡುವಂತಿಲ್ಲವಂತೆ. ತಿಪ್ಪವ್ವನಿಗೆ ಮಾತ್ರ ಯಾವ ಅವಸರವೂ ಇಲ್ಲ. ಕುಳವನ್ನು ಬೆಂಕಿಗಿಡದೆ, ಅದರ ಮುರಿದ ಬಾಯಿಯನ್ನು ಕಂದೀಲಿಗೆ ಹಿಡಿದು ಹೊರಳಿಸಿ ಹೊರಳಿಸಿ ನೋಡುತ್ತಾರೆ.

ಈ ರೂಢಿ ಬಿದ್ದು ಐದು ವರ್ಷವಾಯಿತು. ಅದಕ್ಕೆ ಕಾರಣ ಒಂದು ವಿಮಾನ.

ಊರವರು ಇದನ್ನು ಗುದ್ಲೆಪ್ಪನ ಕುಲುಮೆ ಎನ್ನುತ್ತಾರೆ. ಸುತ್ತಿಗೆ ಮಾತ್ರ ತಿಪ್ಪವ್ವನ ಕೈಯಲ್ಲಿದೆ. ಗಾಡಿಯ ಗಾಲಿ ಜಾರಿ ಗಂಡ ಗುದ್ಲೆಪ್ಪನವರ ಬಲಭುಜ ಮುರಿದ ಮೇಲೆ ಅವರು ಎಡಗೈಯಲ್ಲಿ ಇಕ್ಕಳ ಹಿಡಿಯುತ್ತಾರೆ, ಇವರು ಬಡಿಯುತ್ತಾರೆ. ಸುಗ್ಗಿಯಲ್ಲಿ ದಿನಕ್ಕೆ ಇಪ್ಪತ್ತು ಕುಡಗೋಲು, ಮೂರು ನಾಲ್ಕು ಕುಳ. ಯುದ್ಧದ ವರ್ಷಗಳಲ್ಲಿ ಹೊಸ ಕಬ್ಬಿಣದ ಮುಖವನ್ನೇ ಇವರು ಕಾಣಲಿಲ್ಲ. ಹಳೆಯ ಲಾಳ, ಗಾಲಿಯ ಹಳಿಯ ಚೂರು, ಏನು ಸಿಕ್ಕರೂ ಕಬ್ಬಿಣ ಬಡಿಯುವ ಅಡಿಗಲ್ಲಿನ ಪಕ್ಕದ ಒಡಕು ಗಡಿಗೆಗೆ ಹಾಕಿಟ್ಟು ಅದರಲ್ಲೇ ದಿನ ದೂಡಿದರು.

೧೯೪೪ರಲ್ಲಿ, ಜೋಳ ಹಾಲುಗಾಳಾಗಿದ್ದ ದಿನಗಳಲ್ಲಿ, ಲಷ್ಕರಕ್ಕಾಗಿ ಹೊಸದಾಗಿ ಕಟ್ಟಿ ಇನ್ನೂ ಪರೀಕ್ಷೆ ನೋಡುತ್ತಿದ್ದ ವಿಮಾನವೊಂದು ಊರ ಮೇಲೆ ಎರಡು ಸುತ್ತು ಹಾಕಿತು. ಮೂರನೆಯ ಸುತ್ತಿಗೆ ಬಾಲ ಅಲ್ಲಾಡಿ ಹೊಲದಲ್ಲಿ ಬಿತ್ತು. ಓಡಿಹೋದವರಲ್ಲಿ ತಿಪ್ಪವ್ವನೂ ಒಬ್ಬರು. ಒಳಗೆ ವಿಮಾನ ನಡೆಸುತ್ತಿದ್ದ ಹುಡುಗನ ಜೀವ ಹೋಗಿತ್ತು. "ಮೀಸಿ ಸುದ್ದಾ ನೆಟ್ಟಗ ಬಂದಿದ್ದಿಲ್ರಿ. ಹೆತ್ತಾಕಿ ಎಲ್ಲಿ ಅದಾಳೋ ಅಂತ ಅನಸ್ತು," ಎನ್ನುತ್ತಾರೆ ಅವರು.

ಮರುದಿನ ಇದೇ ನೀಲಪ್ಪ ತನ್ನ ಜೋಳದಲ್ಲಿ ಬಿದ್ದಿದ್ದ, ಎರಡು ತುಂಡಾದ ಉಕ್ಕಿನ ಸರಳೊಂದನ್ನು ತಂದುಕೊಟ್ಟ. ವಿಮಾನದ್ದೇ ಇರಬೇಕು, ಒಡೆಯರು ಬಂದಾಗ ಕೊಡಬೇಕು. ಆದರೆ ಪರರ ಸಾಮಾನನ್ನು ಮುರಿದಂತೆಯೇ ಅವರ ಕೈಗಿಡುವುದು ಇಲ್ಲಿ ಮರ್ಯಾದೆಯಲ್ಲ. ಗಂಡ ಹೆಂಡತಿ ಕೂಡಿ ಮುರಿದ ತುದಿಗಳನ್ನು ಕಬ್ಬಿಣ ಕಡಿಯುವ ಚಾಣದಿಂದ ಕತ್ತರಿಸಿದರು, ಕಾಸಿ ಬೆಸೆದರು, ಹುಣಸೆಹಣ್ಣು ಬೂದಿ ಹಚ್ಚಿ ಮಿರಮಿರ ಮಿಂಚುವಂತೆ ತಿಕ್ಕಿಟ್ಟರು. ಕೂಲಿ ಕೇಳುವ ಯೋಚನೆಯೂ ಅವರಿಗಿರಲಿಲ್ಲ.

ಮೂರನೆಯ ದಿನ ಲಷ್ಕರದ ಸಾಹೇಬರು ಬಂದರು. ಜೊತೆಗೆ ದುಭಾಷಿಯಾಗಿ ಶಿಗ್ಗಾಂವಿಯ ಕಾರಕೂನ ಪ್ರಹ್ಲಾದರಾಯರು. ಹುಡುಗನೇ ಕೈತಪ್ಪಿ ಕೆಡವಿದನೆಂದು ಸಾಹೇಬರು ವರದಿ ಬರೆಯುವುದು ಬಹುತೇಕ ಖಾತ್ರಿಯಾಗಿದೆಯೆಂದು ರಾಯರು ಊರವರಿಗೆ ತಿಳಿಸಿದರು. ಬೆಸೆದ ಸರಳು ಕಂಡದ್ದೇ ಸಾಹೇಬರ ಮುಖ ಕೆಂಪೇರಿತು. ಅದು ಬಾಲವನ್ನು ಆಡಿಸುವ ಸರಳು. ನೆಲಕ್ಕೆ ಬಡಿದು ಮುರಿಯಿತೋ, ಅದಕ್ಕೂ ಮೊದಲೇ ಮುರಿದಿತ್ತೋ ಎಂಬುದನ್ನು ಮುರಿದ ಬಾಯಿ ಮಾತ್ರ ಹೇಳಬಲ್ಲದಾಗಿತ್ತು. ಅದನ್ನು ಯಾರು ಅಳಿಸಿದರೆಂದು ಅವರು ಗುಡುಗಿದರು.

ಗುದ್ಲೆಪ್ಪನವರು ಹೆಂಡತಿಯ ಸೆರಗು ಜಗ್ಗಿ, "ಸುಮ್ನಿರು. ಜೇಲಿಗೆ ಹೋಗೂದಾಗ್ತದ," ಎಂದು ಪಿಸುಗುಟ್ಟಿದರು.

ತಿಪ್ಪವ್ವ ಸೆರಗು ಬಿಡಿಸಿಕೊಂಡರು. ಸತ್ತ ಹುಡುಗನ ಎಳೆಯ ಮುಖ ಕಣ್ಣ ಮುಂದಿತ್ತು. ಬೆಸೆದದ್ದು ತಾನೇ ಎಂದು ಒಪ್ಪಿಕೊಂಡು, ಒಳಗೆ ಹೋಗಿ ಒಡಕು ಗಡಿಗೆಯನ್ನು ಅಂಗಳಕ್ಕೆ ತಂದು ಬೋರಲು ಹಾಕಿದರು. ಲಾಳದ ಚೂರುಗಳ ನಡುವೆ ಕೈಯಾಡಿಸಿ, ಕತ್ತರಿಸಿದ್ದ ತುದಿಯನ್ನು ಹೆಕ್ಕಿ ಸಾಹೇಬರ ಅಂಗೈಗಿಟ್ಟರು.

"ಅರ್ಧ ಕರ್ರಗೈತಿ, ನೋಡ್ರಿ. ಅದು ಹಳೇ ಸೀಳು, ಒಳಗ ಎಣ್ಣಿ ಇಳದೈತಿ. ಉಳದರ್ಧ ಸಕ್ಕರಿ ಹರಳಿನಂಗ ಹೊಳೀತೈತಿ, ಅದು ಆವತ್ತ ಮುರದದ್ದು. ಗಾಡಿ ಅಚ್ಚು ಹಿಂಗ ಮುರೀತಾವ್ರಿ. ಗಾಡಿ ಹೊಡಿಯಾವನ ತಪ್ಪಲ್ಲ ಅದು."

ಸಾಹೇಬರು ಭೂತಗನ್ನಡಿ ಹಿಡಿದು ಬಹಳ ಹೊತ್ತು ನೋಡಿದರು. ಚೂರನ್ನು ಕರವಸ್ತ್ರದಲ್ಲಿ ಸುತ್ತಿಕೊಂಡು, ಸರಳು ಆಕಾಶದಲ್ಲೇ ಮುರಿದಿದೆ, ಹುಡುಗನದು ತಪ್ಪಿಲ್ಲ, ಹಾಗೆಂದೇ ಬರೆಯುತ್ತೇನೆ ಎಂದು ರಾಯರ ಬಾಯಿಂದ ಹೇಳಿಸಿ ಹೊರಟುಹೋದರು. ಆಮೇಲೆ ಕಾಗದವಿಲ್ಲ, ಸುದ್ದಿಯಿಲ್ಲ. ಜೇಲೂ ಆಗಲಿಲ್ಲ, ಇನಾಮೂ ಬರಲಿಲ್ಲ. ಗುದ್ಲೆಪ್ಪನವರು ಇಂದಿಗೂ, ಇವಳನ್ನು ಕಟ್ಟಿಕೊಂಡು ಅರ್ಧ ಜೀವ ಅಂದೇ ಹೋಯಿತೆಂದು ನಗುತ್ತಾರೆ.

ಈಗ ಕುಳ ಕೆಂಪಾಗಿದೆ. ನಿಮಗೇನಾದರೂ ಆಸೆಯಿದೆಯೇ ಎಂದು ಕೇಳಿದರೆ ತಿಪ್ಪವ್ವ ಎತ್ತಿದ ಸುತ್ತಿಗೆಯನ್ನು ಕೆಳಗಿಳಿಸುತ್ತಾರೆ.

"ಸಾಹೇಬ್ರು ಬರದಾರಂತ್ರಿ. ಬರದದ್ದು ಯಾವ ಕಪಾಟಿನ್ಯಾಗ ಐತೋ ಏನೋ. ಆ ಹುಡುಗನ ಅವ್ವನ ಮುಂದ ಯಾರರ ಹೋಗಿ, ನಿನ್ನ ಮಗನ ಕೈ ತಪ್ಪಿದ್ದಿಲ್ಲವ್ವಾ ಅಂತ ಬಾಯಿಬಿಟ್ಟು ಹೇಳಿದ್ರ ಸಾಕ್ರಿ."