ಎಣಿಕೆ ತಪ್ಪದ ಎಂಟು ಮೀನು

ಹಳ್ಳಗಳ ಆರೋಗ್ಯ ನೋಡುವುದು ನನ್ನ ಕೆಲಸ. ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ, ಈ ನಾಲ್ಕು ತಾಲೂಕಿನ ಹಳ್ಳಕೊಳ್ಳಗಳನ್ನು ಸುತ್ತಿ, ಯಾವುದರಲ್ಲಿ ಜೀವ ಇದೆ, ಯಾವುದರಲ್ಲಿ ಇಲ್ಲ ಎಂದು ವರದಿ ಬರೆಯುತ್ತೇನೆ. ಹಾಗೆಂದ ಕೂಡಲೇ ದೊಡ್ಡ ಆಫೀಸು, ಜೀಪು ಎಂದು ಯಾರೂ ತಿಳಿಯಬಾರದು. ಒಂದು ಚೀಲ, ಒಂದು ಮೀಟರು, ನಾಲ್ಕು ಬಾಟಲಿ, ಒಂದು ಬಲೆ, ಮತ್ತು ಕೆಂಪು ಬಸ್ಸು. ಬಕೆಟ್ಟಿನಲ್ಲಿ ಮೀನು ತುಂಬಿಕೊಂಡು ಹತ್ತಿದರೆ ಕಂಡಕ್ಟರು "ಇವಕ್ಕೂ ಅರ್ಧಾ ಟಿಕೀಟು ಹರೀಲೇನ್ರಿ ಅಕ್ಕಾರ?" ಎನ್ನುತ್ತಾನೆ, ಇಡೀ ಬಸ್ಸು ನಗುತ್ತದೆ. ನಾನು ನಗುವುದಿಲ್ಲ. ನನಗೆ ಮೂಗಿನ ತುದಿಯಲ್ಲೇ ಸಿಟ್ಟು ಎಂದು ಮನೆಯವರೂ ಹೇಳುತ್ತಾರೆ.

ಆ ಮೀನಿನ ಪರೀಕ್ಷೆ ನಾನಾಗಿಯೇ ರೂಢಿಸಿಕೊಂಡದ್ದು. ಮೀಟರು ಉಪ್ಪು ಹೇಳುತ್ತದೆ, ಹುಳಿ ಹೇಳುತ್ತದೆ, ವಿಷ ಹೇಳುವುದಿಲ್ಲ. ವಿಷ ಕಂಡುಹಿಡಿಯಲು ನೀರನ್ನು ದೂರದ ಲ್ಯಾಬಿಗೆ ಕಳಿಸಬೇಕು, ಉತ್ತರ ಬರುವಷ್ಟರಲ್ಲಿ ಹಳ್ಳವೇ ಬತ್ತಿರುತ್ತದೆ. ಅದಕ್ಕೇ ಸಣ್ಣ ಕಣ್ಣಿನ ತಂತಿಯ ಪಂಜರವೊಂದನ್ನು ನೀರಲ್ಲಿ ಮುಳುಗಿಸಿ, ಅದರೊಳಗೆ ಬೆರಳುದ್ದದ ಎಂಟು ಮೀನು ಬಿಟ್ಟು, ವಾರದ ಮೇಲೆ ಬಂದು ನೋಡುತ್ತೇನೆ. ಮೀನು ಬದುಕಿದ್ದರೆ ನೀರು ಬದುಕಿದೆ ಎಂದರ್ಥ. ಈ ಪದ್ಧತಿಯ ಬಗ್ಗೆ ನನಗೆ ಎಲ್ಲಿಲ್ಲದ ಜಂಬವಿತ್ತು.

ಈಗ ಹೇಳುತ್ತಿರುವುದು ಬಾಗೇವಾಡಿ ತಾಲೂಕು ಮುಗಿದು ಮುದ್ದೇಬಿಹಾಳದ ಸೀಮೆ ಹತ್ತುವಲ್ಲಿ ಡೋಣಿ ನದಿಗೆ ಸೇರುವ ಒಂದು ಹಳ್ಳದ ಮಾತು. ಡೋಣಿಯ ನೀರು ಉಪ್ಪು. ಊರಿನ ಬೋರೂ ಉಪ್ಪು. ಶುದ್ಧ ನೀರಿನ ಘಟಕಕ್ಕೆ ಬೀಗ ಬಿದ್ದು ಬೀಗಕ್ಕೂ ಜಂಗು ಹಿಡಿದಿತ್ತು. ಹೀಗಾಗಿ ಊರವರು ಹಳ್ಳದ ಉಸುಕಿನಲ್ಲಿ ಮೊಳದಾಳದ ಗುಂಡಿ ತೋಡಿ, ಅದರಲ್ಲಿ ಜಿನುಗುವ ಸಿಹಿನೀರನ್ನು ತಂಬಿಗೆಯಿಂದ ಮೊಗೆದು ಕೊಡ ತುಂಬುತ್ತಿದ್ದರು. ಆ ಗುಂಡಿಗೆ ವರ್ತಿ ಎನ್ನುತ್ತಾರೆ.

ದೀಪಾವಳಿ ಮುಗಿದು ಬಿಳಿಜೋಳ ಮೊಳಕಾಲೆತ್ತರ ಬಂದಿತ್ತು. ಹಳ್ಳದ ನೀರು ತಳದ ಒಂದೊಂದು ಹರಳೂ ಕಾಣುವಷ್ಟು ತಿಳಿಯಾಗಿತ್ತು. ದಂಡೆಗೆ ಇಳಿಯುವಾಗ ಏನೋ ಕಡಿಮೆಯಿದೆ ಅನ್ನಿಸಿತು, ಏನೆಂದು ಹೊಳೆಯಲಿಲ್ಲ. ನೀರಿಗೆ ಕಾಲಿಟ್ಟ ಮೇಲೆ ಗೊತ್ತಾಯಿತು. ಒಂದೇ ಒಂದು ಕಪ್ಪೆ ಹಾರಲಿಲ್ಲ. ಕಲ್ಲು ಹೊರಳಿಸಿ ನೋಡಿದೆ. ಹಳ್ಳದ ಕಲ್ಲಿನ ಅಡಿಗೆ ನೂರೆಂಟು ಹುಳ ಅಂಟಿಕೊಂಡಿರುತ್ತವೆ, ಬೆಳಕು ಬಿದ್ದರೆ ಗಡಿಬಿಡಿಯಿಂದ ಓಡುತ್ತವೆ. ಈ ಕಲ್ಲು ತೊಳೆದಿಟ್ಟ ಬಟ್ಟಲಿನ ಹಾಗಿತ್ತು. ಇನ್ನೊಂದು ಹೊರಳಿಸಿದೆ, ಮತ್ತೊಂದು ಹೊರಳಿಸಿದೆ. ದಂಡೆಯ ಹಸಿ ಕೆಸರಿನಲ್ಲಿ ಕೊಕ್ಕರೆಯದಾಗಲಿ ನಾಯಿಯದಾಗಲಿ ಒಂದು ಹೆಜ್ಜೆಯಿಲ್ಲ. ಇದ್ದ ಹೆಜ್ಜೆಗಳೆಲ್ಲ ಕೊಡ ಹೊತ್ತ ಹೆಂಗಸರವು. ನಡು ಮಧ್ಯಾಹ್ನದ ಬಿಸಿಲಲ್ಲಿ ನನಗೆ ಚಳಿ ಹತ್ತಿದಂತಾಯಿತು.

"ಏನ್ ಮಾಡಾಕತ್ತೀರಿ ಅಕ್ಕಾರ?" ಎಂದು ಹಿಂದಿನಿಂದ ದನಿ ಬಂತು. ದಂಡೆಯ ಹೊಲದ ಮನೆಯ ಹೆಂಗಸು, ಐವತ್ತರ ಆಜುಬಾಜು. ಕುರಿ ಕಾಯುವ ಮನೆತನ. ಗಂಡ ಮತ್ತು ಮಗ ಹಿಂಡು ಹೊಡೆದುಕೊಂಡು ಕೃಷ್ಣೆಯ ಕಡೆ, ತಂಗಡಗಿಯತ್ತ ಹೋಗಿದ್ದರು. ಮನೆಯಲ್ಲಿ ಇವಳು ಮತ್ತು ಇವಳ ಮಗಳು ಇಬ್ಬರೇ. ಮಗಳು ಕಟ್ಟೆಯ ಮೇಲೆ ಗೋಡೆಗೆ ಬೆನ್ನು ಕೊಟ್ಟು ಕುಳಿತಿದ್ದಳು, ತುಂಬಿದ ಬಸುರಿ, ಕೈಯಲ್ಲಿ ನೀರಿನ ತಂಬಿಗೆ.

"ನೀರು ಚಲೋ ಐತೋ ಇಲ್ಲೋ ನೋಡಾಕತ್ತೇನಿ" ಎಂದೆ.

"ಚಂದಂಗ ನೋಡ್ರಿ. ಮಗಳದು ಚೊಚ್ಚಲ. ಮೊನ್ನೆ ಏಳನೇ ತಿಂಗಳಾಗ ಕುಬಸಾ ಮಾಡಿ, ಉಡಿ ತುಂಬಿ ಹೊರ್ತಿಯಿಂದ ಕರಕೊಂಡ ಬಂದೇನಿ. ನೀರಡಿಕಿ ಭಾಳ ಆಕಿಗೆ, ಇದ ನೀರ ಕುಡೀತಾಳ. ಕುಡಸಬಹುದೋ ಬ್ಯಾಡೋ, ನೀವು ಹೇಳಿದಂಗ."

ವಾರದ ಮೇಲೆ ಹೇಳುತ್ತೇನೆ ಎಂದು ಪಂಜರ ತೆಗೆದೆ. ಅಲ್ಲಿಯವರೆಗೂ ಅದನ್ನೇ ಕುಡಿಯಬೇಕಿತ್ತು, ಹತ್ತಿರದಲ್ಲಿ ಬೇರೆ ನೀರು ಎಲ್ಲಿತ್ತು. ನನ್ನ ಮೀನು ಯಾವುವು ಎಂದು ಗುರುತು ಸಿಗಲಿ ಎಂದು ಒಂದೊಂದರ ಬಾಲದ ತುದಿಗೂ ಸಣ್ಣ ಕತ್ತರಿಯಿಂದ ಕಚ್ಚು ಮಾಡಿ ಬಿಡುವುದು ನನ್ನ ಅಭ್ಯಾಸ. ಅವಳು ಪಕ್ಕದಲ್ಲೇ ಕುಕ್ಕರಗಾಲಲ್ಲಿ ಕುಳಿತು ನೋಡಿದಳು.

"ನಾವೂ ಕುರಿ ಕಿವೀಗೆ ಹಿಂಗ ಗುರುತು ಹಾಕ್ತೇವ್ರಿ."

"ಹಂಗ ತಿಳೀರಿ. ಎಂಟು ಅದಾವ, ಎಣಿಸಿಕೊಳ್ರಿ. ಇವು ನಿಮ್ಮ ಜವಾಬ್ದಾರಿ. ನಾಯಿ, ಹದ್ದು ಹತ್ರ ಬರಬಾರದು."

ಅವಳು ಬೆರಳು ಮಡಚಿ ಮೂರು ಸಲ ಎಣಿಸಿದಳು. "ನಿಮ್ಮ ಎಂಟು ನಿಮಗ ಒಪ್ಪಸ್ತೇನ್ರಿ" ಎಂದಳು. ಇಷ್ಟು ಶ್ರದ್ಧೆಯ ಕಾವಲು ನನಗೆ ಬೇರೆ ಯಾವ ಊರಲ್ಲೂ ಸಿಕ್ಕಿರಲಿಲ್ಲ ಎಂದು ಖುಷಿಯಿಂದ ಬಸ್ಸು ಹತ್ತಿದೆ.

ವಾರದ ಮೇಲೆ ಹೋದಾಗ ಹಳ್ಳ ಹಾಗೇ ಇತ್ತು. ಕಪ್ಪೆಯಿಲ್ಲ, ಕೆಸರಿನಲ್ಲಿ ಹೆಜ್ಜೆಯಿಲ್ಲ, ನೀರಿನ ಮೇಲೆ ಒಂದು ನೊಣವೂ ಇಲ್ಲ. "ಎಂಟೂ ಅದಾವೇನು?" ಎಂದೆ. "ಎಂಟೂ ಅದಾವ್ರಿ" ಎಂದಳು. ಪಂಜರ ಎತ್ತಿದೆ. ಎಂಟೂ ಮೀನು ಚಟಪಟ ಒದ್ದಾಡಿದವು, ಬಿಟ್ಟಾಗಿನಕ್ಕಿಂತ ಚುರುಕು. ಆದರೆ ಒಂದರ ಬಾಲದಲ್ಲೂ ನನ್ನ ಕಚ್ಚು ಇರಲಿಲ್ಲ. ಬಾಲಗಳೆಲ್ಲ ಇಡಿಯಾಗಿದ್ದವು.

ಮೀನಿನ ಬಾಲ ಮತ್ತೆ ಬೆಳೆಯುತ್ತದೆ ಎಂದು ಓದಿ ಬಲ್ಲೆ. ಒಂದೇ ವಾರದಲ್ಲಿ ಬೆಳೆಯುವುದಿಲ್ಲ ಎಂದೂ ಬಲ್ಲೆ. ಮೊದಲನೆಯದನ್ನು ನೆನಪಿಟ್ಟುಕೊಂಡು ಎರಡನೆಯದನ್ನು ಬೇಕೆಂದೇ ಮರೆತೆ. ಕಲ್ಲು ಒಂದು ಹೇಳುತ್ತಿತ್ತು, ಪಂಜರ ಇನ್ನೊಂದು ಹೇಳುತ್ತಿತ್ತು. ಕಲ್ಲು ಯಾರದೋ, ಪಂಜರ ನನ್ನದು. ನೀರು ಜೀವಿಗಳಿಗೆ ಯೋಗ್ಯ ಎಂದು ಅಲ್ಲೇ ಕಟ್ಟೆಯ ಮೇಲೆ ಕುಳಿತು ಬರೆದು, ಊರಿಗೆ ತೋರಿಸಲೆಂದು ಒಂದು ಪ್ರತಿಯನ್ನು ಅವಳ ಕೈಗೂ ಕೊಟ್ಟೆ. ಮೀನು ಬದುಕುವ ನೀರೆಲ್ಲ ಕುಡಿಯುವ ನೀರಲ್ಲ ಎಂದು ಬೇರೆಯವರಿಗೆ ಪಾಠ ಮಾಡುವವಳೇ ನಾನು. ಆದರೂ ಅವಳು "ಮಗಳಿಗೆ ಕುಡಸಲೇನ್ರಿ?" ಎಂದು ಮತ್ತೆ ಕೇಳಿದಾಗ "ಧಾರಾಳ ಕುಡಸ್ರಿ" ಎಂದೆ. ಮಗಳು ನಕ್ಕು ನನ್ನೆದುರಿಗೇ ಇನ್ನೊಂದು ತಂಬಿಗೆ ಕುಡಿದಳು.

ಅದೇ ಎಂಟಕ್ಕೆ ಇನ್ನೊಮ್ಮೆ ಕಚ್ಚು ಹಾಕಿ ಬಿಟ್ಟು ಬಂದೆ. ಮುಂದಿನ ವಾರ ಮತ್ತೆ ಎಂಟೂ ಇದ್ದವು, ಎಂಟರ ಬಾಲವೂ ಮತ್ತೆ ಇಡಿಯಾಗಿತ್ತು. ಈ ಸಲ ಒಂದು ಮೀನಿನ ಪಕ್ಕೆಗೆ ಕರಿ ಚುಕ್ಕೆಯಿತ್ತು. ಅಂಥ ಚುಕ್ಕೆಯ ಮೀನು ನಾನು ತಂದೇ ಇರಲಿಲ್ಲ. ಅದು ಪಂಜರದ ತಂತಿಗೆ ಬಾಯಿ ಹಚ್ಚಿ ಸುಮ್ಮನೆ ನನ್ನನ್ನೇ ನೋಡುತ್ತಿತ್ತು. ದೆವ್ವ ಭೂತ ಎಂದರೆ ಬೈಯುವ ಹೆಂಗಸು ನಾನು. ಅವತ್ತು ಕತ್ತರಿ ಜಾರಿ ನೀರಿಗೆ ಬಿತ್ತು. ಹುಡುಕಿ ತೆಗೆದು, ಕಚ್ಚನ್ನು ಇನ್ನಷ್ಟು ಆಳಕ್ಕೆ ಹಾಕಿದೆ. ಆ ಚುಕ್ಕೆಯದಕ್ಕೂ ಹಾಕಿದೆ. ಅವಳನ್ನು ಏನೂ ಕೇಳಲಿಲ್ಲ. ಏನೆಂದು ಕೇಳುವುದು?

ಮನೆಗೆ ಬಂದರೂ ತಲೆಯಿಂದ ಹೋಗಲಿಲ್ಲ. ಕನ್ನೊಳ್ಳಿಯ ಹಳ್ಳ ನೋಡಬೇಕಿತ್ತು, ಅದನ್ನು ಬಿಟ್ಟು ವಾರ ತುಂಬುವ ಎರಡು ದಿನ ಮೊದಲೇ, ಹೇಳದೆ ಕೇಳದೆ, ಅಲ್ಲಿಗೇ ಹೋದೆ. ಹನ್ನೆರಡರ ಬಿಸಿಲು. ಹೊಲದ ಮನೆಯ ಬಾಗಿಲು ಮುಂದಕ್ಕೆ ಎಳೆದಿತ್ತು. ನೇರ ಹಳ್ಳಕ್ಕೆ ಇಳಿದು ಪಂಜರವನ್ನು ನೀರಿನ ಮಟ್ಟದತನಕ ಎತ್ತಿದೆ.

ಏಳು ಮೀನು ಹೊಟ್ಟೆ ಮೇಲೆ ಮಾಡಿ ತೇಲುತ್ತಿದ್ದವು. ಎಂಟನೆಯದು ಒಂದು ಮಗ್ಗುಲಾಗಿ ನಿಂತಲ್ಲೇ ಸುತ್ತುತ್ತಿತ್ತು, ನಿಲ್ಲದೆ ಸುತ್ತುತ್ತಿತ್ತು. ಬಾಲಗಳಲ್ಲಿ ನನ್ನ ಕಚ್ಚು ಇದ್ದಹಾಗೇ ಇತ್ತು. ಅದನ್ನು ನೋಡುತ್ತ ನಿಂತಾಗ ಜೋಳದ ನಡುವಿನ ಹಾದಿಯಲ್ಲಿ ಅವಳು ಬರುವುದು ಕಂಡಿತು. ಸೊಂಟದ ಮೇಲೆ ಕೊಡ, ಕೊಡದ ಬಾಯಿಗೆ ಸೆರಗು. ಹೆಜ್ಜೆಹೆಜ್ಜೆಗೂ ನೀರು ತುಳುಕುತ್ತಿತ್ತು. ಹಳ್ಳದಿಂದ ನೀರು ಹೊತ್ತು ಹೋಗುವವರನ್ನು ಸಾವಿರ ಸಲ ನೋಡಿದ್ದೇನೆ. ಹಳ್ಳಕ್ಕೆ ನೀರು ಹೊತ್ತು ತರುವವರನ್ನು ಅವತ್ತೇ ನೋಡಿದ್ದು.

ನನ್ನನ್ನು ಕಂಡು ಅವಳು ಗಾಬರಿಯಾಗಲಿಲ್ಲ, ನಾಚಿಕೊಂಡಳು. "ಇನ್ನಾ ಎರಡು ದಿನಾ ಇತ್ತಲ್ರಿ" ಎಂದು ಕೊಡ ಇಳಿಸಿದಳು. ಸೆರಗು ಸರಿಸಿದಾಗ ಒಳಗೆ ಬೆರಳುದ್ದದ ಮೀನುಗಳು ಹರಿದಾಡುತ್ತಿದ್ದವು. ದೂರದ ಕೆನಾಲಿಗೆ ನಡೆದು ಹೋಗಿ ಹಿಡಿದು ತಂದವು.

"ಇದೇನು?" ಎಂದೆ.

"ಮಂದಿ ಕುರಿ ಕಾಯಾಕ ಹಿಡದರ, ನಮ್ಮ ಕೈಯಾಗ ಒಂದು ಸತ್ತರ ನಮ್ಮ ಹಿಂಡಿನ್ಯಾಗಿಂದ ಒಂದು ಹಾಕಿ ಎಣಿಕಿ ತುಂಬಸ್ತೇವ್ರಿ. ನಮ್ಮ ಮನಿತನದಾಗ ಎಣಿಕಿ ತಪ್ಪಿಲ್ಲ. ಕುರಿ ಆದ್ರೇನು, ಮೀನ ಆದ್ರೇನು? ನೀವು ಎಂಟು ಎಣಿಸಿ ಕೊಟ್ರಿ."

"ಸತ್ತಾವು ಅಂತ ನನಗ್ಯಾಕ ಹೇಳಲಿಲ್ಲ?"

ಅವಳು ನನ್ನನ್ನು ಮನೆಯ ಕಟ್ಟೆಗೆ ಕರೆದೊಯ್ದು, ಒಳಗಿನಿಂದ ಒಂದು ಬಟ್ಟೆಯ ಗಂಟು ತಂದಳು. ಗಂಟು ಬಿಚ್ಚಿ ನನ್ನ ಮುಂದೆ ಹಾಸಿದಳು. ಒಣಗಿದ ಮೀನಿನ ಬಾಲಗಳು, ಸಾಲಾಗಿ, ಉಗುರಿನಷ್ಟು ಉಗುರಿನಷ್ಟು, ಒಂದೊಂದರಲ್ಲೂ ನನ್ನ ಕತ್ತರಿಯ ಕಚ್ಚು. "ಕುರಿ ಸತ್ತರ ಗುರುತಿನ ಕಿವಿ ಕೊಯ್ದು ಇಟ್ಟಿರ್ತೇವ್ರಿ, ಧಣಿ ಬಂದು ಎಷ್ಟು ಸತ್ತುವು ಅಂತ ಕೇಳಿದರ ತೋರಸಾಕ. ಕೇಳದನ ನಾವಾಗಿ ತೋರಸೂದಿಲ್ಲ, ಅದು ಅಪಶಕುನ. ನೀವು ಕೇಳ್ತೀರಿ ಅಂತ ಇಟ್ಟಿದ್ನಿ. ನೀವು ಬಂದಾಗೆಲ್ಲಾ ಎಂಟೂ ಅದಾವೇನು ಅಂದ್ರಿ. ಎಂಟೂ ಅದಾವ್ರಿ ಅಂದ್ನಿ."

ಸಿಟ್ಟು ಬರಬೇಕಿತ್ತು. ಬರಲಿಲ್ಲ. ಅವಳು ಹೇಳಿದ್ದರಲ್ಲಿ ಒಂದೂ ಸುಳ್ಳಿರಲಿಲ್ಲ. ಎಷ್ಟು ಸತ್ತವು ಎಂಬ ಒಂದು ಮಾತನ್ನು ನಾನು ಕೇಳಿರಲಿಲ್ಲ. "ಮೀನ ಸಾಯೂದು ನೋಡಿ ಮಗಳಿಗೆ ಹೆಂಗವ್ವಾ ಕುಡಸಿದಿ?" ಎಂದೆ.

"ಕೂಡಿ ಹಾಕಿದ್ದಕ್ಕ ಎದಿ ಒಡದು ಸಾಯ್ತಾವ ಅಂತ ತಿಳದ್ನಿ. ನೀರು ಚಲೋ ಐತಿ ಅಂತ ನೀವ ಬರದು ಕೊಟ್ರಲ್ರಿ."

ಬಾಗಿಲಲ್ಲಿ ಮಗಳು ನಿಂತಿದ್ದಳು. ಯಾವಾಗಿನಿಂದ ನಿಂತಿದ್ದಳೋ. ನೆಲದ ಮೇಲಿನ ಬಾಲಗಳನ್ನು ನೋಡಿದಳು, ಕೈಯಲ್ಲಿದ್ದ ತಂಬಿಗೆ ನೋಡಿದಳು, ಅದನ್ನು ಮೆಲ್ಲಗೆ ಹೊಸ್ತಿಲ ಮೇಲೆ ಇಟ್ಟಳು. ಆಮೇಲೆ ಹೊಟ್ಟೆಯ ಮೇಲೆ ಕೈಯಿಟ್ಟುಕೊಂಡು, ಏರುದನಿಯಿಲ್ಲದೆ ಕೇಳಿದಳು.

"ಯವ್ವಾ, ಇದು ಸತ್ತರ ಯಾವುದನ್ನ ತಂದು ಇಡ್ತಿ?"

ತಾಯಿ ಕುಳಿತಲ್ಲೇ ಕುಸಿದಳು. ಹಾಗೇನೂ ಆಗುವುದಿಲ್ಲ ಎನ್ನುವ ಮಾತು ನಾಲಿಗೆಯ ತುದಿಗೆ ಬಂದಿತ್ತು. ಅಂಥ ಮಾತು ಒಮ್ಮೆ ಆಡಿ ಆಗಿತ್ತು. ಹೊಸ್ತಿಲ ಮೇಲಿನ ತಂಬಿಗೆ ಎತ್ತಿ ನೀರನ್ನು ಅಂಗಳಕ್ಕೆ ಚೆಲ್ಲಿದೆ.

ಅವತ್ತೇ ಹಳ್ಳದ ಮೇಲಕ್ಕೆ ನಡೆದು ನೋಡಿದೆ. ಅರ್ಧ ತಾಸಿನ ಹಾದಿ. ಅಲ್ಲಿ ಹೊಸ ದ್ರಾಕ್ಷಿ ತೋಟಗಳು, ಔಷಧಿ ಹೊಡೆಯುವ ಕಾಲ. ಸಂಜೆ ಕೆಲಸ ಮುಗಿಸಿದವರು ಪಂಪು, ಡಬ್ಬಿ, ಕೈಕಾಲು ಎಲ್ಲವನ್ನೂ ಹಳ್ಳದ ಮಡುವಿನಲ್ಲೇ ತೊಳೆಯುತ್ತಿದ್ದರು. ಯಾರೂ ಕೇಡು ಬಗೆದು ಮಾಡಿದ್ದಲ್ಲ, ಹರಿಯುವ ನೀರಿಗೆ ಮೈಲಿಗೆಯಿಲ್ಲ ಎಂಬ ನಂಬಿಕೆ. ಊರಿಗೆ ಬಂದು ವರ್ತಿಗಳ ನೀರು ಬಿಡಿರಿ ಎಂದು ಮನೆಮನೆಗೆ ಹೇಳಿದೆ. "ಮೊನ್ನೆ ಮೊನ್ನೆ ಚಲೋ ಐತಿ ಅಂತ ಬರದ್ರಿ, ಈಗ ಕೆಟ್ಟೈತಿ ಅಂತೀರಿ, ನಿಮ್ಮನ್ನ ಹೆಂಗ ನಂಬೂದ್ರಿ?" ಎಂದರು. ನ್ಯಾಯವಾದ ಪ್ರಶ್ನೆ. ತಪ್ಪು ನನ್ನದು ಎಂದು ಕಟ್ಟೆಯ ಮೇಲೆ ನಿಂತು ಹೇಳಿ, ಹಳೆಯ ವರದಿಯನ್ನು ಅವರೆದುರಿಗೇ ಹರಿದು ಹಾಕಿದೆ. ವರ್ತಿಗಳಿಗೆ ಮುಳ್ಳು ಹಚ್ಚಿ, ಕುಡಿಯುವ ನೀರಿಗೆ ದೂರದ ಕೆನಾಲಿಗೆ ನಡೆಯತೊಡಗಿದರು.

ಮಗಳನ್ನು ಮರುದಿನ ಹೊರ್ತಿಗೆ, ಗಂಡನ ಮನೆಗೆ ಕಳಿಸಿದರು. ಚೊಚ್ಚಲ ಹೆರಿಗೆಗೆ ಕರೆತಂದವಳನ್ನು ಹೆರಿಗೆಗೆ ಮೊದಲೇ ವಾಪಸು ಕಳಿಸುವುದೆಂದರೆ ತವರಿಗೆ ತಲೆ ಎತ್ತಲಾಗದ ಮಾತು. ತಾಯಿ ಸೆರಗು ಮುಖಕ್ಕೆ ಮುಚ್ಚಿಕೊಂಡೇ ಬಸ್ಸು ಹತ್ತಿಸಿದಳು. ದಾರಿಯಲ್ಲಿ ಇಳಿಸಿ ತೋರಿಸಿದ ಡಾಕ್ಟರು ಎದೆಬಡಿತ ಇದೆ ಎಂದರು. ಮುಂದೇನು ಎಂದರೆ ಹುಟ್ಟುವತನಕ ಹೇಳಲಾಗದು ಎಂದರು.

ಐದು ವಾರ. ನಾನು ಬೇರೆ ಹಳ್ಳಗಳಿಗೆ ಹೋದೆ, ಕಲ್ಲು ಹೊರಳಿಸಿದೆ, ಕಪ್ಪೆ ಹಾರಿದಾಗ ಜೀವ ತಣ್ಣಗಾಗುತ್ತಿತ್ತು. ಕಣ್ಣು ಮುಚ್ಚಿದರೆ ಒಂದು ಮಗ್ಗುಲಾಗಿ ಸುತ್ತುವ ಆ ಎಂಟನೆಯ ಮೀನು. ಫೋನು ಬಡಿದಾಗಲೆಲ್ಲ ಮೊದಲು ಹೆದರಿ ಆಮೇಲೆ ಎತ್ತುತ್ತಿದ್ದೆ.

ಒಂದು ಬೆಳಿಗ್ಗೆ ಸಿಂದಗಿಯ ಬಸ್‌ಸ್ಟ್ಯಾಂಡಿನಲ್ಲಿ ನಿಂತಾಗ ಹೊರ್ತಿಯಿಂದ ತಾಯಿಯ ಫೋನು ಬಂತು. "ಹೆಣ್ಣು ಕೂಸ್ರಿ ಅಕ್ಕಾರ. ಅಳಾಕತ್ತೈತಿ, ಕೇಳ್ರಿ" ಎಂದಳು. ಫೋನು ಎಲ್ಲೋ ಕೂಸಿನ ಬಾಯಿಯ ಹತ್ತಿರ ಹಿಡಿದಿರಬೇಕು, ಬಸ್ಸುಗಳ ಗದ್ದಲದಲ್ಲೂ ಆ ಅಳು ಸ್ವಚ್ಛ ಕೇಳಿಸಿತು. ಕೈ ಐದು ಬೆರಳು, ಕಾಲು ಐದು ಬೆರಳು, ಮೊಲೆ ಹಿಡಿದು ಕುಡಿದಿದೆ, ಡಾಕ್ಟರು ನೋಡಿ ಹೋಗಿದ್ದಾರೆ ಎಂದು ಒಂದೊಂದಾಗಿ ಒಪ್ಪಿಸಿದಳು. ನಾನು ಹೂಂ ಎಂದೆ, ಅಷ್ಟೇ. ಬರೀ ಹೂಂ ಅಂದದ್ದನ್ನು ಅವಳು ಏನೆಂದು ತಿಳಿದಳೋ, ದನಿ ತಗ್ಗಿಸಿ, ಗಡಿಬಿಡಿಯಿಂದ ಹೇಳಿದಳು.

"ನಮ್ಮ ಮಗಳ ಹೊಟ್ಟ್ಯಾಗಿಂದ ಬಂದದ್ದ ಐತ್ರಿ ಇದು. ನಾ ಏನೂ ಬದಲಿ ಮಾಡಿಲ್ಲ. ನಿಮ್ಮಾಣಿ, ಅಕ್ಕಾರ."

ಆಣೆ ಮಾಡಬೇಕಾದವಳು ನಾನು ಎಂದು ಹೇಳಲು ಬಾಯಿ ತೆರೆದೆ. ಬಂದದ್ದು ಅಳು.