ಕೆತ್ತನೆ ತಂಗಿಯದು, ಕೀಲು ಅಕ್ಕನದು

ಬೀದಿದೀಪಗಳು ಇನ್ನೂ ಆರಿಲ್ಲ. ತಗಡಿನ ಸೂರಿನ ಕೆಲಸದ ಮನೆಯಲ್ಲಿ ಆಗಲೇ ಗರಗಸದ ಸದ್ದು. ಐವತ್ತು ದಾಟಿದ ಹೆಂಗಸೊಬ್ಬಳು ಸೆರಗು ಸೊಂಟಕ್ಕೆ ಬಿಗಿದು, ಬಾಗಿಲ ಚೌಕಟ್ಟಿನ ಅಡ್ಡಪಟ್ಟಿಯ ತುದಿಯನ್ನು ಕೊಯ್ಯುತ್ತಿದ್ದಾಳೆ. ಕೊಯ್ದದ್ದನ್ನು ಹೆಬ್ಬೆರಳಿಂದ ಸವರುತ್ತಾಳೆ, ಹೊಟ್ಟು ಊದುತ್ತಾಳೆ, ಉಳಿಯಿಂದ ಕೂದಲೆಳೆಯಷ್ಟು ಕೆರೆಯುತ್ತಾಳೆ. ಆಮೇಲೆ ಆ ತುದಿಯನ್ನು ನಿಲುವುಪಟ್ಟಿಯ ತೂತಿಗೆ ಹಚ್ಚಿ ಅಂಗೈಯಿಂದ ಒತ್ತುತ್ತಾಳೆ. ಸುತ್ತಿಗೆ ಮುಟ್ಟುವುದಿಲ್ಲ. ಪಟ್ಟಿ ಒಳಗೆ ಹೋಗಿ ಕೂರುತ್ತದೆ. ಎರಡು ಮರ ಕೂಡಿದ ಜಾಗವನ್ನು ಹುಡುಕಬೇಕೆಂದರೆ ಉಗುರು ಎಳೆದು ನೋಡಬೇಕು.

"ಇದು ನಾಲಿಗೆ, ಅದು ಬಾಯಿ," ಎನ್ನುತ್ತಾಳೆ, ಪತ್ರಿಕೆಗೆ ಬರೆಯಲು ಬಂದ ನನಗೆ ತೋರಿಸುತ್ತಾ. ಚಾಚಿಕೊಂಡ ತುದಿ ನಾಲಿಗೆ, ಅದು ಹೋಗಿ ಕೂರುವ ತೂತು ಬಾಯಿ. "ನಾಲಿಗೆ ದಪ್ಪ ಆದ್ರೆ ಬಾಯಿ ಸೀಳುತ್ತೆ. ತೆಳ್ಳಗಾದ್ರೆ ಬಾಗಿಲು ಜೀವನಪರ್ಯಂತ ಗೊಣಗುತ್ತೆ." ಅಡ್ಡಲಾಗಿ ತೂತು ಕೊರೆದು ಮರದ ಕಡ್ಡಿಯೊಂದನ್ನು ಬಡಿಯುತ್ತಾಳೆ. ಅದು ಕೀಲು. ಕಬ್ಬಿಣದ ಮೊಳೆ ಮುಟ್ಟದ ಇವಳಿಗೆ ಬೀದಿಯವರು ಇಟ್ಟ ಹೆಸರು ಕೀಲಕ್ಕ.

ಆದರೆ ಈ ಅಂಗಳಕ್ಕೆ ಬರುವವರು ಕೀಲಕ್ಕನನ್ನು ಹುಡುಕಿಕೊಂಡು ಬರುವುದಿಲ್ಲ. ಕೆತ್ತನೆ ಮಾಡುವ ಅವಳ ತಂಗಿಯನ್ನು ಕೇಳಿಕೊಂಡು ಬರುತ್ತಾರೆ. ತಂಗಿಯ ಉಳಿಯಿಂದ ಬಳ್ಳಿ ಹಬ್ಬುತ್ತದೆ, ಜಿಂಕೆ ಕತ್ತು ಹೊರಳಿಸುತ್ತದೆ. ಫೋಟೊ ಅವಳದ್ದು, ಶಾಲು ಅವಳಿಗೆ. ಅಕ್ಕ ಕೂಡಿಸಿದ ಚೌಕಟ್ಟು ಆ ಫೋಟೊದ ಅಂಚಿನಲ್ಲಿ ಅರ್ಧ ಕತ್ತರಿಸಿಹೋಗಿರುತ್ತದೆ.

"ಹೊಟ್ಟೆಕಿಚ್ಚಾ? ಇದೆ. ಸುಳ್ಳು ಯಾಕೆ ಹೇಳ್ಲಿ? ಬೆಳಿಗ್ಗೆ ಹಲ್ಲುಜ್ಜೋಕೆ ಮುಂಚೆ ಶುರುವಾಗುತ್ತೆ," ಎನ್ನುತ್ತಾಳೆ ಕೀಲಕ್ಕ, ಗರಗಸದ ಹಲ್ಲು ನೋಡುತ್ತಾ.

ಇಬ್ಬರಿಗೂ ಕೆಲಸ ಕಲಿಸಿದ್ದು ಅಪ್ಪ. "ಅವಳ ಕೈಗೆ ಸಣ್ಣ ಉಳಿ ಕೊಟ್ಟ, ನನ್ನ ಕೈಗೆ ಗರಗಸ. ಯಾಕಪ್ಪಾ ಅಂತ ಕೇಳಿದ್ದಕ್ಕೆ, ನಿನ್ನ ಕೈ ಭಾರ ಕಣೇ ಅಂದ. ಅಪ್ಪ ಹೋಗಿ ಎಷ್ಟು ಕಾಲ ಆಯ್ತು, ಆ ಮಾತು ಮಾತ್ರ ಇನ್ನೂ ಅರಗಿಲ್ಲ." ಮದುವೆಯಾಗಿ ಹೋದ ತಂಗಿ ಗಂಡನನ್ನು ಕಳೆದುಕೊಂಡು ವಾಪಸು ಬಂದಾಗ ಅರ್ಧ ಕೆಲಸದ ಮನೆ ಬಿಟ್ಟುಕೊಟ್ಟವಳೂ ಇವಳೇ. "ಅಯ್ಯೋ ಪಾಪ ಅನ್ನಿಸ್ತು. ಆಮೇಲೆ ಅವಳ ಹೆಸರು ಬೆಳೀತು ನೋಡಿ, ಪಾಪ ಅನ್ನೋದು ಎಲ್ಲಿ ಹೋಯ್ತೋ."

ಕಿಚ್ಚು ಭಗ್ಗೆಂದದ್ದು ಒಂದು ಆಸ್ಪತ್ರೆಯ ಹೆಬ್ಬಾಗಿಲು ನಿಲ್ಲಿಸಿದ ದಿನ. ಜನ ತಂಗಿಯನ್ನು ಸುತ್ತುವರಿದರು. ಫೋಟೊದವನು ಕೀಲಕ್ಕನ ಕಡೆ ಕೈ ಬೀಸಿ, "ಅಮ್ಮಾ, ನೀವು ಸ್ವಲ್ಪ ಪಕ್ಕಕ್ಕೆ ಬನ್ನಿ, ಕೆತ್ತನೆ ಮರೆಯಾಗ್ತಿದೆ," ಎಂದ. ತಂಗಿ ನಗುತ್ತಲೇ ನಿಂತಿದ್ದಳು. ಅಕ್ಕ ಪಕ್ಕಕ್ಕೆ ಸರಿದಳು. ಮರುದಿನ ತನ್ನ ಬೆಂಚನ್ನು ಅಂಗಳದ ಇನ್ನೊಂದು ಮೂಲೆಗೆ ಎಳೆದುಕೊಂಡು, "ಇನ್ಮೇಲೆ ನಿನ್ನ ಬಾಗಿಲು ನೀನೇ ಕೂಡಿಸ್ಕೋ," ಎಂದಳು. ತಂಗಿಯೂ ಸೋಲುವ ಪೈಕಿಯಲ್ಲ. "ಆಗ್ಲಿ, ಜಗತ್ತಲ್ಲಿ ನೀನೊಬ್ಬಳೇ ಬಡಗಿನಾ?" ಎಂದಳು. ಅಲ್ಲಿಗೆ ಮಾತು ನಿಂತಿತು. ಒಂದೇ ಒಲೆಯ ಅಡುಗೆ, ಆದರೆ ಒಬ್ಬಳು ಉಂಡೆದ್ದ ಮೇಲೆ ಇನ್ನೊಬ್ಬಳು ಬಂದು ಕೂರುವುದು.

ಆಗ ತಂಗಿಯ ಕೈಯಲ್ಲಿದ್ದದ್ದು ಗ್ರಂಥಾಲಯವೊಂದರ ಬಾಗಿಲು, ಇಡೀ ಹಲಗೆಯ ಮೇಲೆ ಜಿಂಕೆಗಳ ಹಿಂಡು. ಚೌಕಟ್ಟನ್ನು ಹೊರಗೆ ಯಾರಿಂದಲೋ ಮಾಡಿಸಿದಳು. ಅವರು ಹಲಗೆಯನ್ನು ಅಂಟು ಬಳಿದು, ಸುತ್ತ ಮೊಳೆ ಹೊಡೆದು ಬಿಗಿದರು. ಇಲ್ಲಿ ಕೀಲಕ್ಕನ ಇನ್ನೊಂದು ಮಾತು ತಿಳಿಯಬೇಕು: ಉಸಿರು. ಮರ ಮಳೆಗೆ ಉಬ್ಬುತ್ತದೆ, ಬಿಸಿಲಿಗೆ ಕುಗ್ಗುತ್ತದೆ. ಹಾಗಾಗಿ ಹಲಗೆಯನ್ನು ಚೌಕಟ್ಟಿನ ಒಳಅಂಚಿಗೆ ಉದ್ದಕ್ಕೂ ಕೊರೆದ ತೋಡಿನಲ್ಲಿ ಸುಮ್ಮನೆ ಕೂರಿಸಿ, ಅಂಚಿಗೆ ತುಸು ಜಾಗ ಬಿಡುತ್ತಾರೆ. ಆ ಜಾಗವೇ ಉಸಿರು. ಗ್ರಂಥಾಲಯದ ಬಾಗಿಲಿಗೆ ಅದನ್ನು ಬಿಟ್ಟಿರಲಿಲ್ಲ. ಬೇಸಿಗೆ ಬಂತು, ಹಲಗೆ ಕುಗ್ಗಲು ಹೋಯಿತು, ಮೊಳೆ ಬಿಡಲಿಲ್ಲ. ಮಧ್ಯದ ಜಿಂಕೆಯ ಹೊಟ್ಟೆ ಸೀಳಿಕೊಂಡು ಮೇಲಿಂದ ಕೆಳಗೆ ಬಿರುಕು ಓಡಿತು.

ತಂಗಿ ಬಾಗಿಲನ್ನು ತಳ್ಳುಗಾಡಿಯಲ್ಲಿ ತಂದು ಅಕ್ಕನ ಬೆಂಚಿನ ಮುಂದೆ ನಿಲ್ಲಿಸಿದಳು.

"ಖುಷಿ ಆಯ್ತು," ಎನ್ನುತ್ತಾಳೆ ಕೀಲಕ್ಕ. "ಹಾಲು ಕುಡಿದಷ್ಟು ಖುಷಿ. ಆಮೇಲೆ ಬಗ್ಗಿ ನೋಡಿದೆ. ಆ ಜಿಂಕೆ ಮೈಮೇಲೆ ಒಂದೊಂದು ರೋಮ ಬಿಡಿಸಿದ್ದಾಳೆ ಮಾರಾಯ್ರೆ. ನನ್ನ ಜನ್ಮದಲ್ಲಿ ನನಗೆ ಬರಲ್ಲ. ಅಂಥದ್ದನ್ನ ಸೀಳಿಸಿಬಿಟ್ಟರಲ್ಲ ಅಂತ ಸಂಕಟ ಆಯ್ತು. ಹಾಗೇ, ಇಷ್ಟು ಚೆನ್ನಾಗಿ ಮಾಡಿದಾಳಲ್ಲ ಅಂತ ಮತ್ತೆ ಉರೀತು. ಎರಡೂ ಒಟ್ಟಿಗೆ."

ಅವಳು ಮೊಳೆಗಳನ್ನು ಕಿತ್ತಳು. ಚೌಕಟ್ಟನ್ನು ಅಂಗಳದಾಚೆ ಎಸೆದಳು. ಬಿರುಕಿನೊಳಕ್ಕೆ ಅದೇ ಮರದ ತೆಳು ಪಟ್ಟಿಯೊಂದನ್ನು ಎಳೆ ನೋಡಿ, ಅಂದರೆ ಮರದೊಳಗಿನ ನಾರು ಹರಿಯುವ ದಿಕ್ಕು ನೋಡಿ, ಸೇರಿಸಿದಳು. ಪಟ್ಟಿ ಒಣಗಿದ ಮೇಲೆ ತಂಗಿಯ ಕಡೆ ತಿರುಗದೆಯೇ, "ಬಂದು ರೋಮ ಬಿಡಿಸು," ಎಂದಳು. ತಿಂಗಳುಗಳ ನಂತರದ ಮೊದಲ ಮಾತು ಅದು. ತಂಗಿ ಬಂದು ಕೂತಳು. ಒಬ್ಬಳು ಹೊಸ ಚೌಕಟ್ಟಿಗೆ ನಾಲಿಗೆ ಕೊಯ್ದಳು, ಇನ್ನೊಬ್ಬಳು ಜಿಂಕೆಗೆ ಮೈ ಕೊಟ್ಟಳು. ಬಾಗಿಲು ವಾಪಸು ಹೋಯಿತು. ಜನ ಮತ್ತೆ ಜಿಂಕೆಗಳನ್ನೇ ಹೊಗಳಿದರು.

ಈಗ ಬೆಂಚುಗಳು ಅಕ್ಕಪಕ್ಕದಲ್ಲಿವೆ. ಜಗಳ ದಿನವೂ ಇದೆ, ಊಟ ಮಾತ್ರ ಒಟ್ಟಿಗೆ. ಅಕ್ಕ ನೀರು ತರಲು ಹೋದಾಗ ತಂಗಿಯನ್ನು ಕೇಳುತ್ತೇನೆ, ಅಕ್ಕನ ಹೊಟ್ಟೆಕಿಚ್ಚು ನಿಮಗೆ ಗೊತ್ತೇ? ಅವಳು ಉಳಿ ಕೆಳಗಿಡುತ್ತಾಳೆ.

"ಗೊತ್ತಿಲ್ದೆ ಏನು? ನನ್ನದು ಅವಳಿಗೆ ಗೊತ್ತಿಲ್ಲ, ಅಷ್ಟೇ. ನನ್ನ ಉಳಿ ಜಾರಿದ್ರೆ ಒಂದು ಎಲೆ ಜಾಸ್ತಿ ಕೆತ್ತಿ ಮುಚ್ಚಿಡ್ತೀನಿ. ಅವಳಿಗೆ ಮುಚ್ಚಿಡೋಕೆ ಜಾಗ ಇಲ್ಲ, ಆದ್ರೂ ಜಾರಲ್ಲ. ಕದ್ದು ಕದ್ದು ನಾಲಿಗೆ ಕೊಯ್ದು ನೋಡಿದೀನಿ, ಒಂದೂ ಕೂರ್ಲಿಲ್ಲ. ಅವಳ ಕೈ ನೋಡಿದ್ರೆ ನನಗೆ ಹೊಟ್ಟೆ ಉರಿಯುತ್ತೆ."

ಹೊರಡುವ ಮುನ್ನ ಕೀಲಕ್ಕನಿಗೆ ಇದನ್ನು ಹೇಳುತ್ತೇನೆ. ಅವಳ ಗರಗಸ ಅರ್ಧದಲ್ಲೇ ನಿಲ್ಲುತ್ತದೆ.

"ಹಾಗಂದ್ಲಾ?"

ಹೌದು, ಹಾಗೇ ಅಂದರು.

"ಉರಿಯುತ್ತೆ ಅಂತ ಅಂದ್ಲಾ? ಅವಳ ಬಾಯಲ್ಲೇ?"

ಹೌದು ಎನ್ನುತ್ತೇನೆ. ಕೀಲಕ್ಕ ಸೆರಗಿನಿಂದ ಮುಖದ ಹೊಟ್ಟು ಒರೆಸಿಕೊಳ್ಳುತ್ತಾಳೆ. ಒರೆಸುವುದು ಸ್ವಲ್ಪ ಹೊತ್ತು ಹಿಡಿಯುತ್ತದೆ. ಆಮೇಲೆ ತಂಗಿಯ ಬೆನ್ನಿನ ಕಡೆ ಒಮ್ಮೆ ನೋಡಿ, ದನಿ ತಗ್ಗಿಸಿ ಕೇಳುತ್ತಾಳೆ:

"ನನ್ನ ಫೋಟೊ ಗೀಟೊ ಬೇಡ. ಅವಳು ಅಂದ ಆ ಮಾತಿದೆಯಲ್ಲ, ಅದನ್ನ ಪೇಪರ್‌ನಲ್ಲಿ ಹಾಕ್ತೀರಾ? ಸ್ವಲ್ಪ ದಪ್ಪಕ್ಷರದಲ್ಲಿ ಹಾಕಿ."